ಅಕ್ಕನ ಹಂಡೆಗೆ ಬಿದ್ದ ಚಿಟಿಕೆ ಅರಿಶಿನ

ನಮ್ಮಕ್ಕ ಗಂಗಾಲಕ್ಷ್ಮಿ ಹುತ್ತೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಹಿತ್ತಲಿನ ಬಣ್ಣದ ಶೆಡ್ಡೇ ಅವಳಿಗೆ ಆಸರೆ. ಹಂಡೆ ಕುದಿಯತೊಡಗಿದರೆ ಆಸಿಡ್ ಬೆರೆತ ಹಬೆಗೆ ನಮ್ಮಂಥವರ ಕಣ್ಣಲ್ಲಿ ನೀರು. ಅವಳು ಮಾತ್ರ ನೂಲನ್ನು ಕೋಲಿಗೆ ಹಾಕಿ ತಿರುಗಿಸುತ್ತಾ ಹಾಡು ಗುನುಗುತ್ತಿದ್ದಳು. ತನ್ನ ಬಣ್ಣದ ಬಗ್ಗೆ ಅವಳಿಗೆ ಕೊಂಚ ಜಂಬ. ಇರಲಿ ಬಿಡಿ, ಅಷ್ಟೂ ಇಲ್ಲದಿದ್ದರೆ ಹೇಗೆ?

ಆ ಹಬೆ ಮಗಳು ಪವಿತ್ರಳಿಗೆ ಒಗ್ಗಲಿಲ್ಲ. ಆರು ವರ್ಷದ ಮಗು ಉಸಿರಿಗೆ ಒದ್ದಾಡುವುದನ್ನು ನೋಡಿದ ಡಾಕ್ಟರು, ಇವಳನ್ನು ಆ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಹಾಗೆ ಅವಳು ಬೈರಕೂರಿನ ನಮ್ಮ ಮನೆಗೆ ಬಂದಳು. ಐದು ವರ್ಷ ನಾನೇ ಸಾಕಿದೆ. ಪ್ರತಿ ಭಾನುವಾರ ಅಕ್ಕ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಬಸ್ಸಿನಲ್ಲಿ ಬರುತ್ತಿದ್ದಳು. ಆದರೂ ಮಗಳನ್ನು ತಬ್ಬಿಕೊಳ್ಳಲು ಹೆದರಿಕೆ. ಕೂದಲಲ್ಲಿ ಎಲ್ಲಿ ವಾಸನೆ ಉಳಿದಿದೆಯೋ ಎಂದು ಮಾರು ದೂರ ಕೂರುತ್ತಿದ್ದಳು.

ಕಳೆದ ವರ್ಷ ಪಂಚಾಯಿತಿಯವರು ನೋಟಿಸು ಕೊಟ್ಟರು: ಬಣ್ಣದ ನೀರು ಮೋರಿಗೆ ಬಿಡುವುದನ್ನು ತಿಂಗಳೊಳಗೆ ನಿಲ್ಲಿಸಬೇಕು. ಅದೇ ಹೊತ್ತಿಗೆ ಕೋಲಾರದ ಪ್ರಯೋಗಾಲಯವೊಂದರಿಂದ ಮೇಘನ ಎಂಬ ಹುಡುಗಿ ಬಂದಳು. ಕಣ್ಣಿಗೆ ಕಾಣದ ಜೀವಿಗಳನ್ನು ಸಾಕಿ, ಅವುಗಳಿಂದಲೇ ನೇರಳೆ ಬಣ್ಣ ಮಾಡಿಸುವ ವಿದ್ಯೆ ಅವಳದು. ಆಸಿಡ್ ಇಲ್ಲ, ಹಬೆ ಇಲ್ಲ. ಮುಚ್ಚಿದ ಸ್ಟೀಲ್ ಹಂಡೆಯಲ್ಲಿ ನೂಲು ಮುಳುಗಿಸಿ ನಾಲ್ಕು ದಿನ ಬೆಚ್ಚಗಿಟ್ಟರೆ ಸಾಕು. ಅವಳು ತಂದಿದ್ದ ಜೀವಿಗಳು ಒಂದೇ ಹಂಡೆಗೆ ಸಾಲುವಷ್ಟು, ಮತ್ತೆ ಬೆಳೆಸಲು ಎರಡು ತಿಂಗಳು ಬೇಕು; ಹಾಗಾಗಿ ಅಕ್ಕನಿಗೆ ಒಂದೇ ಅವಕಾಶ. ಗೆದ್ದರೆ ಶೆಡ್ಡು ಉಳಿಯುತ್ತದೆ, ಮಗಳೂ ಮನೆಗೆ ಬರುತ್ತಾಳೆ.

"ಪಕ್ಕದಲ್ಲೇ ಕೂರಿಸ್ಕೊಂಡು ಓದಿಸ್ತೀನಿ ಕಣೇ," ಎಂದು ಅಕ್ಕ ಫೋನಿನಲ್ಲಿ ಅತ್ತಳು. ನಾನೂ ಅತ್ತೆ.

ನೂಲು ಮುಳುಗಿಸಿದ ಮೂರನೆಯ ದಿನ ಹಂಡೆಯಿಂದ ಕೊಳೆತ ವಾಸನೆ ಬಂತು. ನೂಲು ನೇರಳೆಯಾಗದೆ ಕೆಸರಿನ ಬಣ್ಣಕ್ಕೆ ತಿರುಗಿತ್ತು. ನಾನೂ ಅಲ್ಲೇ ಇದ್ದೆ.

"ಅಮ್ಮಾ, ಮುಚ್ಚಳ ತೆಗೆದ್ರಾ?" ಎಂದಳು ಮೇಘನ.

"ಅರಿಶಿನ ಹಾಕ್ದೆ ಕಣಮ್ಮ. ಒಂದೇ ಚಿಟಿಕೆ."

ಹೊಸ ಹಂಡೆಗೆ ಅರಿಶಿನ ಬೀಳದೆ ಬಣ್ಣ ಕೂರುವುದಿಲ್ಲ ಎಂಬುದು ಅಕ್ಕನ ಅತ್ತೆಯ ಕಾಲದಿಂದ ನಡೆದುಬಂದದ್ದು. ಮೊದಲ ಸಂಜೆ ಸ್ನಾನ ಮಾಡಿ, ದೀಪ ಹಚ್ಚಿ, ಭಕ್ತಿಯಿಂದಲೇ ಹಾಕಿದ್ದಾಳೆ.

"ಅದರ ಜೊತೆ ಬೇರೆ ಜೀವಿಗಳು ಒಳಗೆ ಸೇರ್ಕೊಂಡ್ವು. ನಮ್ಮವು ಉಳೀಲಿಲ್ಲ," ಎಂದಳು ಹುಡುಗಿ. ಮುಚ್ಚಳ ತೆಗೆಯಬೇಡಿ ಎಂದು ಹೇಳಿದ್ದಳಂತೆ. ಏಕೆ ತೆಗೆಯಬಾರದು ಎಂದು ಹೇಳಿರಲಿಲ್ಲ. ಅಷ್ಟು ಓದಿದವಳಿಗೆ ಇನ್ನೊಂದು ಮಾತು ಆಡಲು ಏನು ರೋಗವಾಗಿತ್ತು? ನನಗೆ ಇವತ್ತಿಗೂ ಸಿಟ್ಟಿದೆ. ಅಕ್ಕ ಯಾರನ್ನೂ ಬೈಯಲಿಲ್ಲ. ಅರಿಶಿನ ಹಿಡಿದ ಬೆರಳುಗಳನ್ನೇ ನೋಡುತ್ತಾ ನಿಂತಳು.

ತಿಂಗಳು ಮುಗಿಯಿತು, ಶೆಡ್ಡಿಗೆ ಬೀಗ ಬಿತ್ತು. ಹಬೆಯಿಲ್ಲದ ಮನೆಗೆ ಪವಿತ್ರ ವಾಪಸು ಹೋದಳು. ಐದು ವರ್ಷದ ಮೇಲೆ ಅಕ್ಕ ಅವಳನ್ನು ಎದೆಗೊತ್ತಿಕೊಂಡಳು. ಆದರೆ ಹೊಟ್ಟೆಪಾಡು ಕೇಳಬೇಕಲ್ಲ. ಮುಂದಿನ ವಾರವೇ ನರಸಾಪುರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು.

ಮೊನ್ನೆ ಪವಿತ್ರ ಫೋನು ಮಾಡಿದ್ದಳು.

"ಕೆಮ್ಮು ಪೂರ್ತಿ ಹೋಯ್ತು ಚಿಕ್ಕಮ್ಮ. ನಾನು ಏಳೋಷ್ಟ್ರಲ್ಲಿ ಅಮ್ಮ ಕಂಪ್ನಿ ಬಸ್ ಹತ್ತಿರ್ತಾಳೆ. ಬಂದ್ಮೇಲೆ ಅನ್ನ ತಿಂತಾ ತಿಂತಾನೇ ನಿದ್ದೆ ಮಾಡ್ಬಿಡ್ತಾಳೆ. ನಾನು ನಿಮ್ಮನೆಗೇ ಬಂದ್ಬಿಡ್ಲಾ?"

"ಈ ಭಾನುವಾರ ನಾನೇ ಬರ್ತೀನಿ ಕಣೇ," ಎಂದೆ.