ಬೆಟ್ಟಯ್ಯ ಅರ್ಧ ಓದಿದ ಪುಸ್ತಕ

ಬೆಟ್ಟಯ್ಯನಿಗೆ ಕೂತಲ್ಲಿ ಕೂರಲಾಗದ ಕಾಯಿಲೆ. ತುಮಕೂರಿನ ಕಚೇರಿಯೊಂದರಲ್ಲಿ ಅಟೆಂಡರ್, ಬಟವಾಡಿಯಲ್ಲಿ ಬಾಡಿಗೆ ರೂಮು. ಜೀವವೆಲ್ಲ ಮಾತ್ರ ಗುಬ್ಬಿ ತಾಲ್ಲೂಕಿನ ತನ್ನೂರಿನ ಪುಟ್ಟರಂಗಯ್ಯನ ಹೋಟೆಲಿನ ಹೊರಗೋಡೆಯಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿನ ಗೂಡಿನಲ್ಲಿ ಅವನ ಕೇರಿಯವರಿಗೆಂದೇ ಬೇರೆ ಲೋಟಗಳಿದ್ದವು. ಹೊರಗೇ ನಿಂತು ಕುಡಿದು, ತಾವೇ ತೊಳೆದಿಡಬೇಕು.

೧೯೭೯ರಲ್ಲಿ ಲೈಬ್ರರಿಯಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ಪುಸ್ತಕವೊಂದು ಸಿಕ್ಕಿತು. ಮಾಂಟ್ಗೊಮೆರಿ ಎಂಬ ಊರಿನಲ್ಲಿ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡುವ ಅವಮಾನ ತಾಳದೆ ಅವರು ವರ್ಷದ ಮೇಲೆ ಬಸ್ಸನ್ನೇ ಹತ್ತಿರಲಿಲ್ಲ. ಅರ್ಧ ಓದುವಷ್ಟರಲ್ಲೇ ಬೆಟ್ಟಯ್ಯನ ನಿದ್ದೆ ಹಾರಿಹೋಯಿತು. ಭಾನುವಾರ ಊರಿಗೆ ಹೋದವನೇ ಕೇರಿಯ ನಡುವೆ ನಿಂತು, ನಾಳೆಯಿಂದ ಹೋಟೆಲಿನತ್ತ ಯಾರೂ ಸುಳಿಯಬಾರದೆಂದು ಗಂಟಲು ಹರಿಯುವಂತೆ ಭಾಷಣ ಬಿಗಿದ. ಎಲ್ಲರೂ ತಲೆಯಾಡಿಸಿದರು.

ಸೋಮವಾರ ಬೆಳಿಗ್ಗೆ ಎಲ್ಲರೂ ಹೋಟೆಲಿನ ಮುಂದೆಯೇ ಇದ್ದರು, ಅವನ ಸೋದರತ್ತೆ ಹನುಮಂತಮ್ಮನೂ ಸೇರಿ.

"ಮಾನ ಇಲ್ವೇನತ್ತೆ ನಿಮ್ಗೆ?"

"ಮಾನ ಐತೆ ಕಣ್ಲಾ. ರೈತ್ರು ಆಳು ಕರ್ಕೊಂಡೋಗೋದು ಇಲ್ಲಿಂದ್ಲೇ. ನೀನು ಸಂಬಳದವ್ನು. ನಮ್ಮನ್ನ ಒಂದ್ ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ. ತುಮಕೂರಿನ ಬಸ್ಸಿನಲ್ಲಿ ಕೂತು ಪುಸ್ತಕದ ಉಳಿದರ್ಧ ಓದಿದ. ಹೆಂಗಸರು ಕರಪತ್ರ ಹಂಚಿದ್ದು, ಯಾರನ್ನು ಯಾರ ಕಾರಿನಲ್ಲಿ ಕೆಲಸಕ್ಕೆ ಬಿಡುವುದೆಂದು ಸಭೆ ಸೇರಿ ಗೊತ್ತುಮಾಡಿದ್ದು, ಎಲ್ಲ ಅದರಲ್ಲಿತ್ತು.

ಮುಂದಿನ ಭಾನುವಾರ ಮನೆಮನೆ ತಿರುಗಿ ಆ ಕಥೆ ಹೇಳಿದ. ಮಿಕ್ಕ ಹೊತ್ತು ಅವರು ಹೇಳಿದ್ದು ಕೇಳಿದ.

"ಅವ್ರು ಕಾರ್ ಹುಡುಕ್ಕಂಡ್ರು. ನಾವು ಒಲೆ ಹೂಡಾನ" ಎಂದಳು ಹನುಮಂತಮ್ಮ.

ಕಡಲೆಕಾಯಿ ಕೀಳುವ ಕಾಲ, ಆಳಿಲ್ಲದೆ ಯಾವ ರೈತನಿಗೂ ನಡೆಯದು. ಕೇರಿಯ ಬೇವಿನ ಮರದಡಿ ಹೆಂಗಸರೇ ಟೀ ಕಾಯಿಸುವುದು, ಆಳು ಬೇಕಾದವರು ಅಲ್ಲಿಗೇ ಬರಲಿ ಎಂದು ಮಾತಾಯಿತು.

"ನೀನು ತುಮಕೂರಲ್ಲೇ ಇರು. ಇಲ್ಲಿದ್ರೆ ಜಗಳ ತೆಗೀತೀಯ" ಎಂದಳು ಅತ್ತೆ.

ಹದಿನೈದು ದಿನ ಬೆಟ್ಟಯ್ಯ ಚಡಪಡಿಸುತ್ತ ಕಚೇರಿಯ ಮೆಟ್ಟಿಲು ಹತ್ತಿಳಿದ. ಹೊಟ್ಟೆಪಾಡಿಗೆ ಸೋತು ಒಬ್ಬರು ಹೋಟೆಲಿಗೆ ಹೋದರೂ ಎಲ್ಲ ಮಣ್ಣುಪಾಲು. ಕೊನೆಗೆ ತಡೆಯಲಾರದೆ ರಜೆ ಹಾಕಿ ಹೊರಟ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಸ ಭಾಷಣ ಕಟ್ಟಿದ.

ಬಸ್ಸಿಳಿದು ನೋಡಿದರೆ ಹೊರಗೋಡೆಯ ಗೂಡು ಖಾಲಿ. ಹನುಮಂತಮ್ಮ ಒಳಗೆ ಬೆಂಚಿನ ಮೇಲೆ ಕೂತು, ಎಲ್ಲರೂ ಕುಡಿಯುವ ಲೋಟದಲ್ಲೇ ಟೀ ಕುಡಿಯುತ್ತಿದ್ದಳು.

"ನಾಕ್ ದಿನ ಆಯ್ತು" ಎಂದಳು. "ರೈತ್ರೆಲ್ಲ ಬೆಳಿಗ್ಗೆ ಕೇರಿಗೇ ಬರೋಕೆ ಸುರು ಮಾಡಿದ್ರು. ಹೋಟ್ಲು ಖಾಲಿ. ಪುಟ್ಟರಂಗಯ್ಯನೇ ಬಂದು ಒಳಕ್ಕೆ ಕರ್ದ."

"ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಮರ್ತೇಬುಟ್ವಿ ಕಣ್ಲಾ."

ದಾರಿಯಲ್ಲಿ ಕಟ್ಟಿದ ಭಾಷಣ ನೆನಪಾಗಿ ಬೆಟ್ಟಯ್ಯನಿಗೆ ಪಿಚ್ಚೆನಿಸಿತು. ಮರುಕ್ಷಣವೇ ಕಣ್ಣು ತುಂಬುವಷ್ಟು ಖುಷಿಯೂ ಆಯಿತು. ಅತ್ತೆ ಸರಿದು ಜಾಗ ಕೊಟ್ಟಳು. ಆ ಬೆಂಚಿನ ಮೇಲೆ ಅವನು ಹುಟ್ಟಿದಾಗಿನಿಂದ ಕೂತಿರಲಿಲ್ಲ. ಕೂತ. ಟೀ ಮುಗಿದ ಮೇಲೂ ಏಳಲಿಲ್ಲ.