ಗೀಟು ಇದ್ದಲ್ಲಿ ಸೊನ್ನೆ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ನೀರಿನ ತೊಟ್ಟಿ ತೊಳೆಯುವವರು ಬಂದಿದ್ದರು. ಬ್ಲೀಚಿಂಗ್ ಪೌಡರಿನ ಘಾಟು ಮೆಟ್ಟಿಲು ಹತ್ತಿ ಅಡುಗೆಮನೆಯವರೆಗೂ ಬಂತು. ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಎದುರುಮನೆ ಅಕ್ಕನ ಸೆರಗಿಗೆ ಇದೇ ವಾಸನೆ ಇರುತ್ತಿತ್ತು...

ತೊಂಬತ್ತರ ದಶಕದ ಕೊನೆ ಅದು. ನಾವು ದಾವಣಗೆರೆಯ ಆನೆಕೊಂಡದಲ್ಲಿದ್ದೆವು. ನಾನು ಅದೇ ಊರಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೆ. ಅಕ್ಕ ದಿನಾ ಬೆಳಿಗ್ಗೆ ಬಸ್ ಹಿಡಿದು ಹರಿಹರಕ್ಕೆ ಹೋಗುತ್ತಿದ್ದರು. ಅಲ್ಲಿ ಹೊಳೆ ದಂಡೆಯ ಒಂದು ಕಾಲನಿಗೆ ನೀರು ಶುದ್ಧ ಮಾಡಿ ಬಿಡುವ ಕಡೆ ಅವರ ಕೆಲಸ. ಬ್ಲೀಚಿಂಗ್ ಹಾಕಿಸಬೇಕು, ಆಮೇಲೆ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ನಾಲ್ಕು ಹನಿ ದ್ರಾವಣ ಬಿಡಬೇಕು, ಹಳದಿ ಎಷ್ಟು ಗಾಢವಾಯಿತು ಎಂದು ನೋಡಿ ಕ್ಲೋರಿನ್ ಅಳತೆಯನ್ನು ಪುಸ್ತಕದಲ್ಲಿ ಬರೆಯಬೇಕು. ಪಿಯುಸಿ ಸೈನ್ಸ್ ಓದಿದ್ದರು. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ, ಎಂಟು ವರ್ಷವಾದರೂ ಕಾಯಂ ಆಗಿರಲಿಲ್ಲ. ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳಿದ್ದಳು.

ನನ್ನ ಪ್ರಾಜೆಕ್ಟಿಗೆ ದಿನದಿನದ ಅಂಕಿಗಳು ಬೇಕಿದ್ದವು. ಅವನ್ನು ಓದಿಕೊಂಡು ಪರದೆಯ ಮೇಲೆ ಗ್ರಾಫ್ ಬಿಡಿಸುವ ಪ್ರೋಗ್ರಾಂ ಮಾಡುವುದು ನನ್ನ ಆಸೆ. ಅಕ್ಕನನ್ನು ಕೇಳಿದೆ. ಹಳೇ ಪುಸ್ತಕ ಬ್ಯಾಗಿನಿಂದ ತೆಗೆದು ಕೊಟ್ಟರು.

"ಹಾಳಿ ಹರೀಬ್ಯಾಡವ್ವಾ. ಇದು ನನ್ನ ಎಂಟು ವರ್ಷದ ಕೈಬರಹ."

ಆ ಪ್ರೋಗ್ರಾಂ ನನ್ನ ಕಣ್ಣಲ್ಲಿ ನೀರು ತರಿಸಿಬಿಟ್ಟಿತು. ಬರೆದಿದ್ದು ಸಿ ಭಾಷೆಯಲ್ಲಿ, ಚಿತ್ರ ಬಿಡಿಸಲು ಅದರದೇ ಗ್ರಾಫಿಕ್ಸ್ ಲೈಬ್ರರಿ. ಮೊದಲ ವಾರ ಪರದೆ ಕಪ್ಪಾಗಿ ಎಲ್ಲೋ ತಪ್ಪಿದೆ ಎಂಬ ಒಂದು ಸಾಲಿನ ಬೈಗುಳ ಬರುತ್ತಿತ್ತು, ಅಷ್ಟೇ. ಲೈಬ್ರರಿಗೆ ಬೇಕಾದ ಫೈಲು ಬೇರೆ ಫೋಲ್ಡರಿನಲ್ಲಿ ಕೂತಿತ್ತು. ಅದು ಸರಿಹೋದ ಮೇಲೆ ಗೆರೆಯೇನೋ ಬಂತು, ಆದರೆ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಅಕ್ಕನ ಅಂಕಿಗಳೆಲ್ಲ ಸೊನ್ನೆ ಬಿಂದು ಎರಡು, ಸೊನ್ನೆ ಬಿಂದು ನಾಲ್ಕು ಅನ್ನುವಂಥವು. ನಾನು ಪೂರ್ಣಾಂಕವೆಂದು ಬರೆದಿದ್ದರಿಂದ ಬಿಂದುವಿನ ಆಚೆಯದನ್ನೆಲ್ಲ ಕಂಪ್ಯೂಟರ್ ಕತ್ತರಿಸಿ ಎಸೆದಿತ್ತು. ಅದನ್ನೂ ತಿದ್ದಿದೆ. ಏರಿಳಿತ ಕಂಡ ದಿನ ಕುಣಿಯುವಷ್ಟು ಖುಷಿಯಾಗಿ, ಪ್ರಿಂಟ್ ತೆಗೆದುಕೊಂಡು ನೇರ ಅಕ್ಕನ ಮನೆಗೆ ಹೋದೆ.

ಅಕ್ಕ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಕೈ ಒರೆಸಿಕೊಂಡು ಕಾಗದ ಬೆಳಕಿಗೆ ಹಿಡಿದರು. ಬೆರಳು ಒಂದು ಕಡೆ ನಿಂತಿತು.

"ಇದು ಉಲ್ಟಾ ಐತಲ್ಲ?"

"ಇಲ್ಲ ಅಕ್ಕ, ಕಂಪ್ಯೂಟರ್ ಬಿಡಿಸಿದ್ದು."

"ಆ ದಿನ ಹೊಳೆ ಕೆಂಪಗೆ ಬಂದಿತ್ತು. ಬ್ಲೀಚಿಂಗ್ ಜಾಸ್ತಿ ಹಾಕ್ಸಿದ್ದೆ. ಗೆರಿ ಮ್ಯಾಲೆ ಹೋಗ್ಬೇಕು, ನಿಂದು ಕೆಳಗ ಹೋಗೈತೆ ನೋಡು."

ಅವರು ಹೇಳಿದ್ದೇ ನಿಜ. ಪರದೆಯ ಲೆಕ್ಕ ಮೇಲಿನ ಮೂಲೆಯಿಂದ ಶುರುವಾಗುತ್ತದೆ, ಅಂಕಿ ಹೆಚ್ಚಾದಷ್ಟೂ ಚುಕ್ಕೆ ಕೆಳಕ್ಕೆ ಇಳಿಯುತ್ತದೆ. ನನಗದು ಹೊಳೆದೇ ಇರಲಿಲ್ಲ. ಕಂಪ್ಯೂಟರನ್ನು ಮುಟ್ಟಿಯೂ ನೋಡದ ಅಕ್ಕ ಒಂದೇ ನೋಟಕ್ಕೆ ಹಿಡಿದರು. "ಮೊದ್ಲು ನಾಕು ದಿನದ್ದು ಕೈಲೆ ಹಾಕಿ ನೋಡವ್ವಾ. ಆಮ್ಯಾಲೆ ಮಷೀನಿಗೆ ಬಿಡು" ಎಂದು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ತೋರಿಸಿದರು. ಮುಂದೆ ನಾನು ಕಲಿತ ಯಾವ ಪಾಠವೂ ಅಷ್ಟು ಉಪಯೋಗಕ್ಕೆ ಬರಲಿಲ್ಲ.

ಉಳಿದದ್ದು ಒಂದೇ ತೊಂದರೆ. ಹಿಂದಿನ ಮಳೆಗಾಲದ ಒಂಬತ್ತು ದಿನಗಳಲ್ಲಿ ಅಂಕಿ ಇರಬೇಕಾದ ಜಾಗದಲ್ಲಿ ಅಕ್ಕ ಗೀಟು ಎಳೆದಿದ್ದರು. ಪಕ್ಕದಲ್ಲಿ ಸಣ್ಣಗೆ, "ದ್ರಾವಣ ಬಂದಿಲ್ಲ". ಬ್ಲೀಚಿಂಗ್ ಹಾಕಿತ್ತು, ಅಳೆಯಲು ಮಾತ್ರ ದ್ರಾವಣ ಇರಲಿಲ್ಲ. ಆ ಗೀಟು ಬಂದಲ್ಲೆಲ್ಲ ನನ್ನ ಪ್ರೋಗ್ರಾಂ ಮುಗ್ಗರಿಸುತ್ತಿತ್ತು. ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಎರಡೇ ದಿನ ಬಾಕಿ. ಒಂಬತ್ತು ಕಡೆಯೂ ಸೊನ್ನೆ ಟೈಪ್ ಮಾಡಿದೆ. ಆಮೇಲೆ ಸರಿ ಮಾಡಿದರಾಯಿತು ಅಂದುಕೊಂಡೆ... ಆ ದಿನಗಳಲ್ಲಿ ಗೆರೆ ನೆಲಕ್ಕೆ ಬಿದ್ದು ಎದ್ದಿತು. ನೋಡಲು ಚೆನ್ನಾಗಿಯೇ ಇತ್ತು.

ಪ್ರದರ್ಶನಕ್ಕೆ ಬಂದ ಅತಿಥಿಗಳಲ್ಲಿ ಆ ಕಾಲನಿಯ ಆಡಳಿತ ನೋಡಿಕೊಳ್ಳುವ ಸಾಹೇಬರೂ, ಅಂದರೆ ಅಕ್ಕನ ಮೇಲಧಿಕಾರಿಯೂ ಇದ್ದರು. ಹರಿಹರದ ನೀರು ಎಂಬ ತಲೆಬರಹ ಕಂಡವರೇ ನನ್ನ ಟೇಬಲ್ಲಿನ ಮುಂದೆ ನಿಂತರು. ಬಿದ್ದ ಗೆರೆಯ ಮೇಲೆ ಪೆನ್ನು ಇಟ್ಟು ಕೇಳಿದರು.

"ಈ ದಿನಗಳಲ್ಲಿ ಕ್ಲೋರಿನ್ ಇರಲೇ ಇಲ್ಲವಾ?"

ನಮ್ಮ ಮೇಷ್ಟ್ರು ಪಕ್ಕದಲ್ಲೇ ಇದ್ದರು, ಅಂಕ ಕೊಡುವವರು. ಹೇಳಿಬಿಟ್ಟೆ, "ಹೌದು ಸರ್. ಪುಸ್ತಕದಲ್ಲಿ ಕಾಣದ್ದು ಗ್ರಾಫಿನಲ್ಲಿ ಕಾಣುತ್ತೆ."

ಸಾಹೇಬರು ಪ್ರಿಂಟ್ ಕೇಳಿ ಪಡೆದುಕೊಂಡು ಹೋದರು. ಆ ಮಳೆಗಾಲದಲ್ಲಿ ಕಾಲನಿಯ ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಜನ ಆಫೀಸಿನ ಮುಂದೆ ಕೂಗಾಡಿ ಹೋಗಿದ್ದರಂತೆ.

ವಾರ ಕಳೆದಿತ್ತು. ಮಧ್ಯಾಹ್ನ ಮೂರಕ್ಕೆ ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಷ್ಟು ಹೊತ್ತಿಗೆ ಅವರು ಊರಲ್ಲಿ ಇರುವವರೇ ಅಲ್ಲ. ಕೈಯಲ್ಲಿ ನನ್ನ ಪ್ರಿಂಟು.

"ನಾಳಿಂದ ಬರಬ್ಯಾಡ ಅಂದ್ರು." ದನಿ ಏರಿರಲಿಲ್ಲ. "ನಾನು ಗೀಟು ಹಾಕಿದ್ದೆ. ನೀನು ಯಾಕ ಸೊನ್ನೆ ಮಾಡಿದಿ?"

ಪ್ರಿಂಟು ನನ್ನ ಕೈಗೆ ಕೊಟ್ಟು ಮತ್ತೆ ಅಂದರು. "ಗೊತ್ತಿಲ್ಲ ಅನ್ನೋದು ಬ್ಯಾರೆ, ಇಲ್ಲ ಅನ್ನೋದು ಬ್ಯಾರೆ ಅಲ್ಲೇನವ್ವಾ? ಅಲ್ಲಿ ಎಲ್ಲಾರೂ ನಂಗೆ, ಮಕ್ಕಳಿಗೆ ಹೊಲಸು ನೀರು ಕುಡಿಸಿದಾಕಿ ಅಂತಾರ."

ಆ ಸಂಜೆ ಕಾಲೇಜಿನ ಲ್ಯಾಬಿಗೆ ಹೋಗಿ ಕೂತೆ. ಗೀಟು ಬಂದರೆ ಗೆರೆ ಅಲ್ಲಿಗೆ ನಿಲ್ಲಬೇಕು, ಖಾಲಿ ಬಿಟ್ಟು ಮುಂದಿನ ದಿನದಿಂದ ಶುರುವಾಗಬೇಕು. ಹತ್ತು ಸಾಲು ಬರೆದರೆ ಮುಗಿಯುವ ಕೆಲಸ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಆ ಅರ್ಧ ಗಂಟೆಯನ್ನು ಪ್ರದರ್ಶನಕ್ಕೆ ಮೊದಲು ಕೊಟ್ಟಿದ್ದರೆ...

ಮರುದಿನ ಹಳೇ ಪ್ರಿಂಟು, ಹೊಸ ಪ್ರಿಂಟು, ಅಕ್ಕನ ಪುಸ್ತಕ ಹಿಡಿದು ಒಬ್ಬಳೇ ಹರಿಹರಕ್ಕೆ ಹೋದೆ. ಸಾಹೇಬರ ಮುಂದೆ ಎಲ್ಲ ಹೇಳಿದೆ. ತಪ್ಪು ನನ್ನದು ಎಂದು ಬರೆದು ಸಹಿ ಹಾಕಿಕೊಟ್ಟೆ. ಅವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು.

"ಮೊದಲು ಕಂಪ್ಯೂಟರ್ ಹೇಳಿದ್ದು ಅದು. ಈಗ ನೀನು ತಿದ್ದಿ ತಂದಿದ್ದು ಇದು. ಯಾವುದನ್ನ ನಂಬಲಮ್ಮ?"

"ಪುಸ್ತಕ ನಂಬ್ರಿ ಸರ್. ದ್ರಾವಣ ಬಂದಿಲ್ಲ ಅಂತ ಬರೆದಾರೆ ನೋಡ್ರಿ."

ಅವರು ಪುಸ್ತಕ ಮುಚ್ಚಿದರು. ದ್ರಾವಣ ತರಿಸಬೇಕಾದದ್ದು ಅವರದೇ ಆಫೀಸು ಎಂದು ನನಗೆ ಅರ್ಥವಾದದ್ದು ಆಗ. ಪುಸ್ತಕ ಇಲ್ಲೇ ಇರಲಿ ಎಂದು ಬೀರುವಿನಲ್ಲಿಟ್ಟುಕೊಂಡರು. ಕೊಡ್ರಿ ಅಂದರೂ ಕೊಡಲಿಲ್ಲ. ಹಾಗೆ ಅಕ್ಕನ ಎಂಟು ವರ್ಷದ ಕೈಬರಹವನ್ನೂ ಕಳೆದುಕೊಂಡು ಬಂದೆ.

ಕೆಲವು ತಿಂಗಳಿಗೆ ಕಾಲನಿಯ ರಸ್ತೆ ಅಗೆದಾಗ ನೀರಿನ ಪೈಪು ಒಡೆದು ಚರಂಡಿಯ ಜೊತೆ ಸೇರಿದ್ದು ಸಿಕ್ಕಿತಂತೆ. ಅಕ್ಕನನ್ನು ಮಾತ್ರ ಯಾರೂ ವಾಪಸ್ ಕರೆಯಲಿಲ್ಲ. ಅಷ್ಟರಲ್ಲಿ ಅವರು ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಸೇರಿದ್ದರು. ಎದುರಾದರೆ "ಊಟ ಆತೇನವ್ವಾ" ಎನ್ನುತ್ತಿದ್ದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ಅದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮರು ವರ್ಷ ಅವರು ಮನೆ ಖಾಲಿ ಮಾಡಿ ಹೋದರು.

ಈ ಯುಗಾದಿಗೆ ದಾವಣಗೆರೆಗೆ ಹೋದಾಗ ಬಟ್ಟೆ ಅಂಗಡಿಯಲ್ಲಿ ಅಕ್ಕನ ಮಗಳು ಸಿಕ್ಕಳು. ಗುರುತು ಹಿಡಿದದ್ದು ಅವಳೇ. ಈಗ ಶಾಲೆಯಲ್ಲಿ ಟೀಚರಂತೆ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದಳು. ನನಗೆ ಯಾರೂ ಹೇಳಿರಲಿಲ್ಲ. ಹೇಳಲು ಯಾರಿದ್ದರು?

ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಮ್ಮ ನಿಮ್ಮನ್ನ ಭಾಳ ನೆನೆಸ್ತಿದ್ರು. ಕೆಲಸ ಹೋದಾಗ ಅಮ್ಮನ ಪರವಾಗಿ ಆಫೀಸಿಗೆ ಹೋಗಿ ಮಾತಾಡಿದ್ದು ನೀವೊಬ್ರೇ ಅಂತ."

ಅಷ್ಟೇ ಹೇಳಿದ್ದರಂತೆ ಅಕ್ಕ. ಮೊದಲರ್ಧವನ್ನು, ನಾನು ಸೊನ್ನೆ ಬರೆದದ್ದನ್ನು, ಮಗಳಿಗೆ ಹೇಳಿಯೇ ಇರಲಿಲ್ಲ. ನಾನೂ ಅಂಗಡಿಯ ಗದ್ದಲದಲ್ಲಿ ತಲೆ ಆಡಿಸಿ ಬಂದುಬಿಟ್ಟೆ, ಅಂದು "ಹೌದು ಸರ್" ಅಂದ ಹಾಗೆ, ಎರಡನೇ ಸಲ. ಅವಳ ವಿಳಾಸ ನನ್ನ ಹತ್ತಿರ ಇದೆ. ಈ ಬರಹವನ್ನು ಮೊದಲು ಅವಳಿಗೇ ಕಳಿಸುತ್ತಿದ್ದೇನೆ.