ಕೌದಿ ಎತ್ತಿಸಿ ಕುರ್ಚಿ ಹಾಕಿಸಿದ್ದು

ಮೊನ್ನೆ ಸಿಂದಗಿಯಲ್ಲಿ ಮಧ್ಯಾಹ್ನದ ಒಂದು ನಾಟಕಕ್ಕೆ ಹೋಗಿದ್ದೆ. ಪರದೆ ಸರಿಯುವ ಮೊದಲು ಮೈಕಿನಲ್ಲಿ ಒಂದು ಹೆಣ್ಣುದನಿ, ಮೊಬೈಲ್ ಬಂದ್ ಮಾಡಿ, ಏನೂ ತಿನ್ನಬೇಡಿ, ನಡುವೆ ಎದ್ದು ಓಡಾಡಬೇಡಿ, ಮಾತಾಡಬೇಡಿ ಎಂದು ಬಹಳ ವಿನಯದಿಂದ ಹೇಳಿತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೇ ಕೈಕಟ್ಟಿ ಕೂರಬೇಕೆನಿಸಿತು. ಪಕ್ಕದಲ್ಲಿ ನಮ್ಮ ದೊಡ್ಡಪ್ಪನ ಮಗ ಸಂಗಣ್ಣ ಇದ್ದ. ಹೂವಿನ ಹಿಪ್ಪರಗಿ ಹತ್ತಿರದ ನಮ್ಮೂರಲ್ಲಿ ಹೊಲಮನೆ ನೋಡಿಕೊಂಡಿರುವವನು. ಕಣ್ಣು ತೋರಿಸಲು ಸಿಂದಗಿಗೆ ಬಂದವನನ್ನು ನಾನೇ ನಾಟಕಕ್ಕೆ ಎಳೆದುಕೊಂಡು ಹೋಗಿದ್ದೆ. ಆ ಮೆತ್ತನೆಯ ಮಡಚುವ ಕುರ್ಚಿಯ ಮೇಲೆ ಅವನು ಚಕ್ಕಳಮಕ್ಕಳ ಹಾಕಲು ಹೋದ. ಕುರ್ಚಿ ಅವನನ್ನು ಅರ್ಧ ನುಂಗಿತು. ಕೊನೆಗೆ ಕಾಲು ಕೆಳಗೆ ಬಿಟ್ಟು, ಬಸ್ಸಿನಲ್ಲಿ ಕೂತವನಂತೆ ಮುಂದಿನ ಸೀಟು ಹಿಡಿದು ಕೂತ. ಮೈಕಿನ ಮಾತು ಮುಗಿದಾಗ ನಾನು ಅವನ ಕಡೆ ನೋಡಲಿಲ್ಲ. ಅಂಥದೇ ಮಾತನ್ನು ನಾನು ಹಿಂದೊಮ್ಮೆ ನಮ್ಮೂರಲ್ಲಿ ಹೇಳಿದ್ದೆ.

ನಮ್ಮೂರವರು ನಾಟಕ ನೋಡುವ ರೀತಿ ಬೇರೆ, ಅದನ್ನು ಮೊದಲು ಹೇಳಬೇಕು. ನಾಟಕದ ದಿನ ಬೆಳಿಗ್ಗೆಯೇ ಪ್ರತಿ ಮನೆಯಿಂದ ಒಂದು ಕೌದಿ ಬಂದು ರಂಗದ ಮುಂದೆ ಹಾಸಿಕೊಳ್ಳುತ್ತಿತ್ತು. ಹಳೆ ಸೀರೆ, ಹಳೆ ಧೋತರ ಸೇರಿಸಿ ಹೊಲಿದ ದಪ್ಪ ಹಾಸಿಗೆ ಅದು. ಯಾರ ಕೌದಿ ಎಂದು ಬಣ್ಣದಲ್ಲೇ ಗೊತ್ತಾಗುತ್ತಿತ್ತು, ಯಾರೂ ಸರಿಸುತ್ತಿರಲಿಲ್ಲ. ಬಸುರಿಯ ಕುಬಸದ ಬಟ್ಟೆಗೂ ಮದುವೆಯ ಊಟದ ಸಾಲಿಗೂ ಜಗಳವಾಡುವ ಜನ ಕೌದಿಯ ಜಾಗಕ್ಕೆ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಬೆನ್ನು ನೋವಾದವರು ಮಲಗಿಕೊಂಡೇ ನೋಡುತ್ತಿದ್ದರು.

ಮಾತಾಡದೆ ನೋಡುವುದೆಂದರೆ ಏನೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ತಾಲೀಮು ಎರಡು ತಿಂಗಳು ಊರ ನಡುವಿನ ಕಟ್ಟೆಯ ಮೇಲೇ ನಡೆಯುತ್ತಿತ್ತು. ಹೀಗಾಗಿ ನಾಟಕ ಪಾತ್ರಧಾರಿಗಳಿಗಿಂತ ಮೊದಲು ಊರಿಗೆ ಬಾಯಿಪಾಠವಾಗುತ್ತಿತ್ತು. ಮುಂದೇನಾಗುತ್ತದೆ ಎಂಬ ಕುತೂಹಲ ಒಬ್ಬರಿಗೂ ಇರುತ್ತಿರಲಿಲ್ಲ; ನಮ್ಮವರು ಸರಿಯಾಗಿ ಮಾಡುತ್ತಾರೋ ಇಲ್ಲವೋ ಎಂಬುದೊಂದೇ ಚಿಂತೆ. ಯಾರಾದರೂ ಮಾತು ಮರೆತು ನಿಂತರೆ ಮುಂದಿನ ಕೌದಿಗಳಿಂದ ನಾಲ್ಕು ಬಾಯಿ ಒಟ್ಟಿಗೆ ಆ ಮಾತು ಕೊಡುತ್ತಿದ್ದವು. ಅವನು ಅದನ್ನು ತೆಗೆದುಕೊಂಡು ತನ್ನದೇ ಎಂಬಂತೆ ಹೇಳಿ ಮುಂದೆ ಹೋಗುತ್ತಿದ್ದ. ಅದು ಯಾರಿಗೂ ಅವಮಾನವೆನಿಸುತ್ತಿರಲಿಲ್ಲ.

ನನಗೆ ಅನಿಸಿತು. ಆಗ ತಾನೇ ಬಿ.ಎ. ಮುಗಿಸಿದ್ದೆ, ಬಿಸಿರಕ್ತ. ಮುದ್ದೇಬಿಹಾಳದ ಒಬ್ಬ ಗೆಳೆಯ, ಪಟ್ಟಣದ ನಾಟಕಗಳನ್ನು ಕಂಡವನು, ನಿಮ್ಮ ಜನಕ್ಕೆ ನಾಟಕ ನೋಡಲಿಕ್ಕೇ ಬರುವುದಿಲ್ಲ ಎಂದು ನಕ್ಕಿದ್ದ. ಆ ವರ್ಷ ನಾಟಕದ ಜವಾಬ್ದಾರಿ ನನ್ನದಾಗಿತ್ತು. ಪರದೆಯ ಪಕ್ಕ ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಕೆಲಸವೂ ನನ್ನದೇ. ಆ ಗೆಳೆಯನನ್ನು ಕರೆದು ತೋರಿಸಿಯೇ ಬಿಡುತ್ತೇನೆಂದು ಹೊರಟೆ. ಬಾಗೇವಾಡಿಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದೆ. ಕೌದಿಗಳನ್ನು ಎತ್ತಿಸಿ ಮನೆಗೆ ಕಳಿಸಿದೆ. ಬೆಳತನಕ ನಡೆಯುವ ನಾಟಕವನ್ನು ಕತ್ತರಿಸಿ ಸಂಜೆ ನಾಲ್ಕಕ್ಕೆ ಇಟ್ಟೆ. ಸೂರ್ಯ ಎಲ್ಲಿರುತ್ತಾನೆ ಎಂದು ಬಿ.ಎ.ಯಲ್ಲಿ ಕಲಿಸಿರಲಿಲ್ಲ, ಬಿಸಿಲು ನೇರ ಜನರ ಕಣ್ಣಿಗೆ ಹೊಡೆದು ಇಡೀ ಊರು ಹಣೆಗೆ ಕೈ ಹಚ್ಚಿ ಕೂತಿತು. ಮುದುಕಿಯರ ಕಾಲು ನೆಲ ಮುಟ್ಟದೆ ಜೋತಾಡುತ್ತಿದ್ದವು. ನಾನು ಮೈಕ್ ಹಿಡಿದು, ಇವತ್ತು ಯಾರೂ ತುಟಿಪಿಟಕ್ಕೆನ್ನಬಾರದು ಎಂದೆ. ಓದಿದ ಹುಡುಗ ಹೇಳುತ್ತಾನೆ ಎಂದು ಅವರು ನಿಜವಾಗಿಯೂ ಸುಮ್ಮನಾದರು. ಅಷ್ಟು ಪ್ರೀತಿ ಇತ್ತು ನನ್ನ ಮೇಲೆ.

ಸಂಗಣ್ಣನಿಗೆ ಆವತ್ತು ಮೊದಲ ಸಲ ಮಾತಿನ ಪಾತ್ರ. ಆರು ವರ್ಷ ಭರ್ಚಿ ಹಿಡಿದು ನಿಲ್ಲುವ ಸಿಪಾಯಿಯಾಗಿದ್ದವನಿಗೆ ನಾಯಕನ ಅಣ್ಣನ ಪಾತ್ರ ಸಿಕ್ಕಿತ್ತು. ಅವನಿಗೆ ಓದು ಬಾರದು. ಅವನ ತಾಯಿ, ನಮ್ಮ ದೊಡ್ಡವ್ವ, ಕಟ್ಟೆಯ ಮೇಲೆ ಕೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು ರೊಟ್ಟಿ ಬಡಿಯುತ್ತ ತಮ್ಮನ ಮಾತು ಹೇಳುತ್ತಿದ್ದಳು. ಇವನು ಒಲೆಯ ಮುಂದೆ ಕೂತು ಅಣ್ಣನ ಮಾತು ಹೇಳುತ್ತಿದ್ದ. ಇದೊಂದು ಚೆನ್ನಾಗಿ ಆದರೆ ಬರುವ ವರ್ಷ ನಾಯಕನೇ ತಾನು ಎಂದು ಅವನು ನಂಬಿದ್ದ.

ಮನೆ ಪಾಲಾಗುವ ದೃಶ್ಯ ಅವನದೇ. ಚೆನ್ನಾಗಿಯೇ ಶುರುವಾಯಿತು. ಆಗಲೇ ಹಿಂದಿನ ಸಾಲಿನಲ್ಲಿ ಯಾರೋ ಶೇಂಗಾ ಒಡೆಯುವ ಸದ್ದು ನನಗೆ ಕೇಳಿಸಿತು. ನೋಡಲು ಬಂದಿದ್ದ ಗೆಳೆಯ ಏನೆಂದುಕೊಂಡಾನು ಎಂದು ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು, ಹಿಂದಿನಿಂದ ಸುತ್ತಿ ಅವರ ಬಾಯಿ ಮುಚ್ಚಿಸಲು ಹೋದೆ. ನಾನು ಬೆರಳು ತುಟಿಗಿಟ್ಟು ನಿಂತಿರುವಾಗ ರಂಗದ ಮೇಲೆ ಸಂಗಣ್ಣ, “ಮನೆ ಪಾಲಾಗಲಿ ತಮ್ಮಾ...” ಎಂದು ನಿಂತುಬಿಟ್ಟ.

ಒಲೆ ಪಾಲಾಗಬಾರದು. ಮುಂದಿನ ಮಾತು ಇಷ್ಟೇ. ಅಲ್ಲಿದ್ದ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ನಾನು ಕುರ್ಚಿಗಳ ನಡುವೆ ಸಿಕ್ಕಿಕೊಂಡು ತಿರುಗಿ ಓಡುವಷ್ಟರಲ್ಲಿ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ ಯಾವುದೋ ಹಾಡು ಎತ್ತಿಕೊಂಡ, ಪರದೆ ಬಿತ್ತು.

ಆಮೇಲೆ ದೊಡ್ಡವ್ವನ ಹತ್ತಿರ ಹೋಗಿ, ನೀನಾದರೂ ಹೇಳಬಾರದಿತ್ತೇ ಎಂದು ಕೇಳಿದೆ. ಕೇಳಲಿಕ್ಕೂ ಮುಖ ಬೇಕು.

“ಸುಮ್ಮ ಕುಂದರ್ರಿ ಅಂತ ನೀನ ಹೇಳಿದ್ದೆಲ್ಲೋ ತಮ್ಮಾ,” ಅಂದಳು. “ಕುಂತೇವಿ.”

ಸಂಗಣ್ಣ ಮಾತು ಮರೆತ ಎಂದು ಊರು ಹೇಳಿತು. ನಾನೂ ಹಾಗೆಯೇ ಹೇಳಿದೆ. ನಾನು ಜಾಗ ಬಿಟ್ಟಿದ್ದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವನು ಮತ್ತೆ ಬಣ್ಣ ಹಚ್ಚಲಿಲ್ಲ. ಆಮೇಲೆ ಪ್ರತಿ ವರ್ಷ ಪರದೆ ಎಳೆಯುವ ಹಗ್ಗ ಹಿಡಿದ. ಕೌದಿಗಳು ಮಾತ್ರ ಮರುವರ್ಷವೇ ತಮ್ಮ ಜಾಗಕ್ಕೆ ಮರಳಿದವು.

ಇದನ್ನೆಲ್ಲ ನೆನೆಯುತ್ತ ಸಿಂದಗಿಯಲ್ಲಿ ಕೂತಿದ್ದಾಗ, ರಂಗದ ಮೇಲಿನ ನಟ ಮಾತಿನ ನಡುವೆ ತಟ್ಟನೆ ನಿಂತ. ಸಂಗಣ್ಣನ ಕೈ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿಯಿತು.

“ಮರ್ತಾನೇನು?” ಎಂದು ನನ್ನ ಕಿವಿಯಲ್ಲಿ ಕೇಳಿದ.

ಇಲ್ಲ, ಈಗಿನ ನಾಟಕದಲ್ಲಿ ಬೇಕೆಂದೇ ಹೀಗೆ ನಿಲ್ಲುತ್ತಾರೆ ಎಂದೆ. ನಟ ಮತ್ತೆ ಮಾತಾಡಿದ. ಸಂಗಣ್ಣ ಉಸಿರು ಬಿಟ್ಟು, ತಾನೂ ಆವತ್ತು ಹಾಗೆಂದೇ ಹೇಳಬೇಕಿತ್ತು ಎಂದು ಸಣ್ಣಗೆ ನಕ್ಕ. ಇಷ್ಟು ವರ್ಷದಲ್ಲಿ ಅವನು ಆ ದಿನದ ಮಾತೆತ್ತಿದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ. ತಪ್ಪು ನಿಂದಲ್ಲ ಅಣ್ಣಾ, ನಾ ಪುಸ್ತಕ ತಗೊಂಡು ಹೊರಗೆ ಹೋಗಿದ್ದೆ ಎಂದೆ. ದನಿ ತುಸು ಜೋರಾಯಿತು. ಮುಂದಿನ ಸಾಲಿನ ನಾಲ್ಕು ತಲೆ ಹಿಂತಿರುಗಿದವು.

“ಗೊತ್ತೈತಿ,” ಎಂದ ಸಂಗಣ್ಣ, ರಂಗದಿಂದ ಕಣ್ಣು ತೆಗೆಯದೆ. “ಆವತ್ತ ಪರದೆ ಕಡೆ ಹೊಳ್ಳಿ ನೋಡಿದ್ನಿ, ನೀ ಅಲ್ಲಿರಲಿಲ್ಲ. ಈಗ ಸುಮ್ಮ ಕುಂದ್ರು.”